ಬ್ಯಾಗಿನ ಯಜಮಾನ

ಟೆಕ್ಸಸಿನ ಆಸ್ಟಿನ್ ಪಕ್ಕದ ಊರು ಸೀಡರ್ ಪಾರ್ಕಿನಲ್ಲಿ ಉಲ್ಲಾಸನ ಮನೆ ಹುಡುಕುವುದು ಸುಲಭವಲ್ಲ. ಆ ಬಡಾವಣೆಯ ಮನೆಗಳೆಲ್ಲ ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳ ಹಾಗಿವೆ. ಒಂದು ಸಲ ಉಲ್ಲಾಸನೇ ಆಫೀಸಿನಿಂದ ಬಂದವನು ಪಕ್ಕದ ಮನೆಗೆ ನುಗ್ಗಿ, ಫ್ರಿಜ್ ತೆಗೆದು, ಡಬ್ಬಿಯಲ್ಲಿದ್ದ ಮೊಸರು ತಿಂದು, "ಇದೇನು ಇವತ್ತು ಸಿಹಿ ಹಾಕಿದೀಯ" ಎಂದು ಕೇಳಿದ ಮೇಲಷ್ಟೇ ಎದುರಿಗಿದ್ದವಳು ತನ್ನ ಹೆಂಡತಿಯಲ್ಲ ಎಂಬುದು ಗೊತ್ತಾಯಿತಂತೆ. ಇದು ಅವನ ಹೆಂಡತಿ ಅಪೇಕ್ಷಾ ಹೇಳುವ ಕಥೆ. ಬಾಗಿಲು ತೆಗೆದದ್ದು ನಿಜ, ಮೊಸರು ತಿಂದದ್ದು ಸುಳ್ಳು ಎಂದು ಉಲ್ಲಾಸ್ ವಾದಿಸುತ್ತಾನೆ. ಮೊಸರು ಸಿಹಿಯಾಗಿತ್ತು ಎಂಬುದು ಹಾಗಾದರೆ ಹೇಗೆ ತಿಳಿಯಿತು ಎಂದು ಕೇಳಿದರೆ ಮಾತು ಬದಲಾಯಿಸುತ್ತಾನೆ.

ಮೈಸೂರಿನಲ್ಲಿ ಹುಟ್ಟಿ ಬೆಳೆದವನು. ಅಲ್ಲಿ ಕ್ರಿಕೆಟ್ ಆಡುವಾಗ ಅವನದೊಂದು ವಿಶೇಷ ಸ್ಥಾನವಿತ್ತು: ವಿಕೆಟ್ ಕೀಪರ್ ಬಿಟ್ಟ ಚೆಂಡನ್ನು ಅವನ ಹಿಂದೆ ನಿಂತು ಹಿಡಿಯುವುದು. ಇವನೂ ಬಿಟ್ಟರೆ ಚರಂಡಿ. ಈಗ ಆಸ್ಟಿನ್ನಿನ ಒಂದು ಚಿಪ್ ಕಂಪನಿಯಲ್ಲಿ ಬೇರೆಯವರು ಮಾಡಿದ ಚಿಪ್ಪುಗಳಲ್ಲಿ ತಪ್ಪು ಹುಡುಕುವುದೇ ಕೆಲಸ. ಕೂದಲು ಮುಂದಿನಿಂದ ಹಿಂದಕ್ಕೆ ಶಿಫ್ಟ್ ಆಗುತ್ತಿದೆ, ಹೊಟ್ಟೆ ಹಿಂದಿನಿಂದ ಮುಂದಕ್ಕೆ. ಒಟ್ಟಿನಲ್ಲಿ ಯಾರಿಗೂ ತೊಂದರೆ ಕೊಡದ ಮನುಷ್ಯ.

ಇಂಥವನು ಬೇಸ್‌ಬಾಲಿಗೆ ಹೇಗೆ ಸಿಕ್ಕಿಬಿದ್ದ ಎಂದರೆ, ಅದಕ್ಕೆ ಮಗ ಇಶಾನ್ ಕುಕ್ಕರಗಾಲಲ್ಲಿ ಕೂತದ್ದು ಕಾರಣ. ಒಂದು ಸಂಜೆ ಪಾರ್ಕಿನಲ್ಲಿ ಇಶಾನ್ ಇರುವೆ ಸಾಲು ನೋಡುತ್ತ ಕೂತಿದ್ದ. ಆ ಕಡೆ ಹುಡುಗರಿಗೆ ಆಟ ಕಲಿಸುತ್ತಿದ್ದ ಕೋಚ್ ವೇಡ್ ಬಂದು ನೋಡಿದ. ಅರ್ಧ ಅಭ್ಯಾಸ ಮುಗಿಸಿ ಮತ್ತೆ ಬಂದು ನೋಡಿದ. ಹುಡುಗ ಹಾಗೇ ಕೂತಿದ್ದ. ಬೇಸ್‌ಬಾಲಿನಲ್ಲಿ ಬ್ಯಾಟು ಬೀಸುವವನ ಬೆನ್ನಿಗೆ ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತೇ ಚೆಂಡು ಹಿಡಿಯಬೇಕು, ಆಟ ಮುಗಿಯುವವರೆಗೂ. ಟೆಕ್ಸಸಿನ ಮಕ್ಕಳು ಹಾಗೆ ಕೂತರೆ ಸ್ವಲ್ಪ ಹೊತ್ತಿಗೆ ಕಟ್ಟಿಗೆ ಗೊಂಬೆಯಂತೆ ಪಕ್ಕಕ್ಕೆ ಉರುಳುತ್ತಾರೆ.

"ಇವನು ಇಷ್ಟು ಹೊತ್ತು ಹೀಗೆ ಕೂರೋದನ್ನ ಎಲ್ಲಿ ಕಲಿತ?" ಎಂದು ಕೋಚ್ ಕೇಳಿದ.

"ಮೈಸೂರಲ್ಲಿ, ನಮ್ಮ ಅಮ್ಮನ ಮನೇಲಿ," ಎಂದ ಉಲ್ಲಾಸ್. ಅಲ್ಲಿ ಯಾವ ಕೋಣೆಯಲ್ಲಿ ಕಲಿತ ಎಂಬುದನ್ನು ಹೇಳಲಿಲ್ಲ. ಕೋಚ್ ಅದನ್ನು ದೊಡ್ಡದೊಂದು ತರಬೇತಿ ಕೇಂದ್ರ ಎಂದುಕೊಂಡ.

ಹಾಗೆ ಇಶಾನ್ ಸೀಡರ್ ಪಾರ್ಕಿನ ಹಾರ್ನೆಟ್ಸ್ ತಂಡ ಸೇರಿದ. ಈ ತಂಡಗಳು ಊರಲ್ಲಿ ಆಡುವುದಿಲ್ಲ. ಊರಲ್ಲಿ ಆಡಿದರೆ ಅದೇನು ಘನತೆ. ಒಂದು ವಾರ ಹ್ಯೂಸ್ಟನ್, ಇನ್ನೊಂದು ವಾರ ಡಲ್ಲಾಸ್. ಶುಕ್ರವಾರ ಬಂತೆಂದರೆ ಅಪ್ಪ ಅಮ್ಮಂದಿರು ಮಡಚುವ ಕುರ್ಚಿ, ಐಸ್ ಪೆಟ್ಟಿಗೆ, ಟೆಂಟು, ಕೈಗಾಡಿ ಎಲ್ಲ ತುಂಬಿಕೊಂಡು ಗುಳೆ ಹೊರಟವರಂತೆ ಹೆದ್ದಾರಿ ಹಿಡಿಯುತ್ತಾರೆ. ಮಗ ಇಡೀ ಆಟದಲ್ಲಿ ಬ್ಯಾಟು ಬೀಸುವುದು ಎರಡೋ ಮೂರೋ ಸಲ. ಅದನ್ನು ನೋಡಲು ಕರ್ನಾಟಕವನ್ನು ಉದ್ದಕ್ಕೆ ದಾಟುವಷ್ಟು ಡ್ರೈವ್ ಮಾಡುವುದು, ಆ ಹೊತ್ತಿಗೆ ಸರಿಯಾಗಿ ಶೌಚಕ್ಕೆ ಹೋಗಿರುವುದು, ಬಂದು "ಏನಾಯ್ತು" ಎಂದು ಕೇಳುವುದು. ಉಲ್ಲಾಸನಿಗೆ ಹೀಗೆ ಅದೆಷ್ಟು ಸಲ ಆಗಿದೆಯೋ.

ತಂಡದಲ್ಲಿ ಪ್ರತಿ ಅಪ್ಪನಿಗೂ ಒಂದೊಂದು ಕೆಲಸ. ಮೊದಲ ವರ್ಷ ಉಲ್ಲಾಸನಿಗೆ ಟೆಂಟು ಕೊಟ್ಟರು. ಡಲ್ಲಾಸಿನ ಗಾಳಿ ಹೇಗಿರುತ್ತದೆಂದರೆ, ಅಲ್ಲಿ ಬೆಳಿಗ್ಗೆ ಒಣಹಾಕಿದ ಬಟ್ಟೆ ಸಂಜೆ ಬೇರೆ ಮನೆಯವರು ಹಾಕಿಕೊಂಡಿರುತ್ತಾರೆ. ಉಲ್ಲಾಸ್ ಟೆಂಟಿಗೆ ಒಂದು ಗೂಟ ಕಡಿಮೆ ಹೊಡೆದ. ಟೆಂಟು ಎದ್ದಿತು, ಮೈದಾನ ಸುತ್ತಿತು, ಪಾರ್ಕಿಂಗ್ ಲಾಟ್ ದಾಟಿತು, ಒಕ್ಲಹೋಮಾ ದಾರಿ ಹಿಡಿಯಿತು. ಅಲ್ಲಿ ಯಾರೋ ಅದರ ಕೆಳಗೆ ಮಗಳ ಮದುವೆ ಮಾಡಿ, ಊಟ ಹಾಕಿ, ವಾಪಸ್ಸು ಕಳಿಸಿದರು ಎಂಬುದು ತಂಡದಲ್ಲಿ ಈಗಲೂ ಓಡಾಡುವ ಮಾತು. ಟೆಂಟು ಮಾತ್ರ ವಾಪಸ್ಸು ಬಂದದ್ದು ನಿಜ, ಅದರಲ್ಲಿ ಕೇಕಿನ ಕಲೆ ಇದ್ದದ್ದೂ ನಿಜ.

ಆದರೆ ಕೆಲಸಗಳಲ್ಲೆಲ್ಲ ದೊಡ್ಡದು ಬ್ಯಾಗು. ತಂಡದ ಹೆಲ್ಮೆಟ್ಟುಗಳು, ಬ್ಯಾಟುಗಳು, ಚೆಂಡುಗಳು, ಇಶಾನ್ ಕಟ್ಟಿಕೊಳ್ಳುವ ಎದೆಗವಚ, ಕಾಲುಗವಚ, ಮುಖಕ್ಕೆ ಹಾಕುವ ಜಾಲರಿ, ಎಲ್ಲ ಅದರಲ್ಲೇ. ಹುಡುಗರ ಕೈಗೆ ಕೊಟ್ಟರೆ ಅರ್ಧ ಮನೆಯಲ್ಲಿ ಮರೆತು ಬರುತ್ತಾರೆ ಎಂದು ಕೋಚ್ ವೇಡ್ ಮಾಡಿದ್ದ ಏರ್ಪಾಡು. ಚಕ್ರವಿರುವ ಆ ಕರಿ ಬ್ಯಾಗು ಮಲಗಿದ ಎಮ್ಮೆಯಷ್ಟಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಅಪ್ಪನಿಗೆ ಬೇರೆ ರಾಜ್ಯಕ್ಕೆ ವರ್ಗವಾದಾಗ, ಕೋಚ್ ಸುತ್ತ ಕಣ್ಣಾಡಿಸಿ ಉಲ್ಲಾಸನ ಮುಂದೆ ನಿಂತ.

"ಬ್ಯಾಗು ಇನ್ನು ಮೇಲೆ ನಿನ್ನದು," ಎಂದ. "ಬ್ಯಾಗು ಬರಲಿಲ್ಲ ಅಂದ್ರೆ ಆಟ ಇಲ್ಲ. ಆಟ ಇಲ್ಲ ಅಂದ್ರೆ ನೀನೂ ಬ್ಯಾಗಿನವನಲ್ಲ. ಒಂದೇ ಒಂದು ಸಲ ಸಾಕು."

ಕಂಪನಿಯಲ್ಲಿ ಪ್ರಮೋಷನ್ ಸಿಕ್ಕಾಗಲೂ ಉಲ್ಲಾಸ್ ಅಷ್ಟು ಹಿಗ್ಗಿರಲಿಲ್ಲ. ಅಲ್ಲಿಯವರೆಗೆ ಉಳಿದ ಅಪ್ಪಂದಿರು ಅವನನ್ನು ಕಂಡರೆ ಹವಾಮಾನದ ಮಾತಾಡಿ ಸುಮ್ಮನಾಗುತ್ತಿದ್ದರು. ಈಗ ಪಾರ್ಕಿಂಗ್ ಲಾಟಿಗೆ ಅವನ ವ್ಯಾನು ಬಂದರೆ ಸಾಕು, ಹುಡುಗರು ಓಡಿಬರುತ್ತಿದ್ದರು, ಅಪ್ಪಂದಿರು ಕೈ ಬೀಸುತ್ತಿದ್ದರು. "ಬ್ಯಾಗ್ ಬಂತು" ಎಂದು ಯಾರಾದರೂ ಕೂಗಿದರೆ ಉಲ್ಲಾಸನಿಗೆ ಅದು ತನ್ನ ಹೆಸರಿನಂತೆಯೇ ಕೇಳಿಸುತ್ತಿತ್ತು.

ಹೀಗಿರುವಾಗ ಸೆಪ್ಟೆಂಬರಿನಲ್ಲಿ ಮೈಸೂರಿನಿಂದ ಅವನ ಅಮ್ಮ ಉಷಾರಾಣಿ ಬಂದರು. ನವರಾತ್ರಿಗೆ ಬೊಂಬೆ ಕೂರಿಸಿದರು. ಆಯುಧಪೂಜೆ ಶುಕ್ರವಾರ ಬಿತ್ತು. ಮಾರನೆಯ ದಿನ ದಶಮಿ, ಹ್ಯೂಸ್ಟನ್ನಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಆಟ. ಶುಕ್ರವಾರ ಮಧ್ಯಾಹ್ನ ಹೊರಡುವುದೆಂದು ಅಪೇಕ್ಷಾ ಹೋಟೆಲು ಬುಕ್ ಮಾಡಿದ್ದಳು.

ಅಂದು ಬೆಳಿಗ್ಗೆ ಉಲ್ಲಾಸ್ ಆಫೀಸಿಗೆ ಹೋದ ಮೇಲೆ ಉಷಾರಾಣಿಯವರು ಮನೆಯ ಆಯುಧಗಳನ್ನೆಲ್ಲ ಒಟ್ಟು ಮಾಡಿದರು. ಮಿಕ್ಸಿ, ಕುಕ್ಕರು, ಈಳಿಗೆಮಣೆ, ಅಪೇಕ್ಷಾಳ ಲ್ಯಾಪ್‌ಟಾಪು, ಹುಲ್ಲು ಕತ್ತರಿಸುವ ಯಂತ್ರ. ಶಾಲೆಗೆ ರಜೆಯಿದ್ದ ಇಶಾನನನ್ನು ಕರೆದು, "ನಿನ್ನ ಆಯುಧ ಯಾವ್ದೋ ಪುಟ್ಟ?" ಎಂದು ಕೇಳಿದರು. ಕನ್ನಡ ಪೂರ್ತಿ ಅರ್ಥವಾಗುವ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಕೊಡುವ ಇಶಾನ್ ಗ್ಯಾರೇಜಿನಿಂದ ಆ ಎಮ್ಮೆಯಂಥ ಬ್ಯಾಗನ್ನು ದರದರ ಎಳೆದು ತಂದ.

ಮಧ್ಯಾಹ್ನ ಉಲ್ಲಾಸ್ ಬಂದಾಗ ಹಾಲಿನಲ್ಲಿ ದೊಡ್ಡ ಮರದ ಹಲಗೆಯ ಮೇಲೆ ಬ್ಯಾಟುಗಳು ಸಾಲಾಗಿ ಮಲಗಿದ್ದವು, ಪ್ರತಿಯೊಂದಕ್ಕೂ ಅರಿಶಿನ ಕುಂಕುಮ. ಹೆಲ್ಮೆಟ್ಟುಗಳ ಮೇಲೆ ಒಂದೊಂದು ಸೇವಂತಿಗೆ. ಇಶಾನನ ಎದೆಗವಚಕ್ಕೆ ಹಾರ. ನಡುವೆ ಚಾಮುಂಡೇಶ್ವರಿಯ ಪಟ. ಪಟ್ಟದ ಗೊಂಬೆಗಳ ರಾಜ ರಾಣಿ ಮೇಲಿನ ಮೆಟ್ಟಿಲಿನಿಂದ ಇದನ್ನೆಲ್ಲ ನೋಡುತ್ತ, ಈ ಸೈನ್ಯ ಯಾರದು ಎಂಬಂತೆ ನಿಂತಿದ್ದರು. ಉಲ್ಲಾಸನಿಗೆ ಖುಷಿಯೇ ಆಯಿತು. ಫೋಟೋ ತೆಗೆದ. ಕೈ ಮುಗಿದ. ಆಮೇಲೆ ಒಂದು ಹೆಲ್ಮೆಟ್ಟಿಗೆ ಕೈ ಹಾಕಿದ.

"ಮುಟ್ಬೇಡ," ಎಂದರು ಉಷಾರಾಣಿ.

"ಪ್ಯಾಕ್ ಮಾಡ್ಬೇಕಮ್ಮ. ಹೊರಡೋ ಹೊತ್ತಾಯ್ತು."

"ನಾಳೆ ಬೆಳಿಗ್ಗೆ ಕಾಯಿ ಒಡೆದು, ಮಂಗಳಾರತಿ ಮಾಡಿ, ನಾನು ಕದಲಿಸ್ಬೇಕು. ಅಲ್ಲೀವರ್ಗೂ ಅವು ಆಯುಧ ಅಲ್ಲ, ದೇವ್ರು. ನಿನ್ಗೆ ಇದೂ ಮರ್ತೋಯ್ತಾ?"

"ಅಮ್ಮ, ನಾಳೆ ಬೆಳಿಗ್ಗೆ ಇವು ಹ್ಯೂಸ್ಟನ್ನಲ್ಲಿರ್ಬೇಕು."

"ನಮ್ಮ ಬೀದಿ ಟೈಲರ್‌ಗೂ ಇದೇ ಅವಸರ ಇತ್ತು. ಪೂಜೆಗಿಟ್ಟ ಕತ್ತರಿ ತೆಗ್ದು ಮದುವೆ ಗಂಡಿನ ಪ್ಯಾಂಟು ಒಂದಿಂಚು ಗಿಡ್ಡ ಮಾಡೋಕೋದ. ಕತ್ತರಿ ನಿಲ್ಲಲೇ ಇಲ್ಲ ಕಣೋ. ಪ್ಯಾಂಟಾಯ್ತು, ಪರದೆ ಆಯ್ತು, ಅವನ ಹೆಂಡ್ತಿ ಹೊಸ ಸೀರೆ ಆಯ್ತು. ಆ ಗಂಡು ಚಡ್ಡೀಲೇ ಧಾರೆ ಎರೆಸ್ಕೊಂಡ. ನಾನೇ ಹೋಗಿದ್ದೆ ಮದುವೆಗೆ, ಹೋಳಿಗೆ ಚೆನ್ನಾಗಿತ್ತು."

ಉಲ್ಲಾಸ್ ಎಂಜಿನಿಯರು, ತರ್ಕಕ್ಕೆ ಇಳಿದ. "ಸರಿ, ಇನ್ನು ಸ್ವಲ್ಪ ಹೊತ್ತಿಗೆ ಮೈಸೂರಲ್ಲಿ ಶನಿವಾರ ಆಗುತ್ತೆ. ಅಲ್ಲಿ ದಶಮಿ ಬಂದ್ಮೇಲೆ ಇಲ್ಲೂ ಬಂದ ಹಾಗೇ ತಾನೆ. ಆಗ ಕದಲಿಸ್ಬಿಡು."

"ಹಾಗಿದ್ರೆ ಮೈಸೂರಿಗೆ ಹೋಗಿ ಆಟ ಆಡಿ," ಎಂದು ಉಷಾರಾಣಿಯವರು ದೀಪಕ್ಕೆ ಎಣ್ಣೆ ಹಾಕಿದರು.

ಉಲ್ಲಾಸ್ ಸೋಫಾದ ಮೇಲೆ ಕುಸಿದ. ಕೋಚ್ ಹೇಳಿದ ಒಂದೇ ಒಂದು ಸಲ ಎಂಬುದು ಬಂದೇಬಿಟ್ಟಿತಲ್ಲ ಎನ್ನಿಸಿತು. ಇನ್ನು ಮತ್ತೆ ಟೆಂಟು, ಮತ್ತೆ ಹವಾಮಾನದ ಮಾತು.

ಅಪೇಕ್ಷಾ ಅಡುಗೆಮನೆಯಿಂದ ಇಬ್ಬರನ್ನೂ ನೋಡಿ ಹೊರಗೆ ಬಂದಳು. "ಅತ್ತೆ, ನಾಳೆ ಮೈಸೂರಲ್ಲಿ ಚಾಮುಂಡೇಶ್ವರಿ ಅಂಬಾರಿ ಮೇಲೆ ಹೊರಡ್ತಾಳಲ್ವಾ. ನಮ್ಮನೆ ತಾಯಿನೂ ಹೊರಡ್ಲಿ. ಹಲಗೆ ಸಮೇತ ಎತ್ತಿ ವ್ಯಾನಲ್ಲಿಡೋಣ. ನೀವು ಪಕ್ಕದಲ್ಲೇ ಕೂತ್ಕೊಳ್ಳಿ. ಬೆಳಿಗ್ಗೆ ಅಲ್ಲೇ ಕದಲಿಸಿ."

ಉಷಾರಾಣಿಯವರು ಎಣ್ಣೆಯ ಬಟ್ಟಲು ಕೆಳಗಿಟ್ಟರು. ಮೈಸೂರಿನವರಿಗೆ ಅಂಬಾರಿ ಎಂದ ಮೇಲೆ ಬೇಡ ಎನ್ನಲು ನಾಲಿಗೆ ಬರುವುದಿಲ್ಲ. "ಅಲುಗಾಡ್ಬಾರ್ದು," ಎಂದರು ಕೊನೆಗೆ.

ಹಾಗೆ ಹೊರಟಿತು ಮೆರವಣಿಗೆ. ಅಪೇಕ್ಷಾ ಡ್ರೈವ್ ಮಾಡಿದಳು, ಮುಂದಿನ ಸೀಟಿನಲ್ಲಿ ಇಶಾನ್. ನಡುವೆ ಹಲಗೆ, ದೇವಿ, ಬ್ಯಾಟುಗಳು, ಪಕ್ಕದಲ್ಲಿ ಉಷಾರಾಣಿ. ಉಲ್ಲಾಸ್ ಹಿಂದುಗಡೆ ಕುರ್ಚಿ, ಐಸ್ ಪೆಟ್ಟಿಗೆಗಳ ಸಂದಿಯಲ್ಲಿ ಮೊಣಕಾಲು ಕಿವಿಗೆ ತಾಗಿಸಿ ಕೂತ. ಬ್ರೇಕು ಹೊಡೆದರೂ ಹೂವು ಬೀಳಬಾರದೆಂದು ಹೆದ್ದಾರಿಯಲ್ಲಿ ಎತ್ತಿನ ಗಾಡಿಯ ವೇಗ. ಹಿಂದಿನಿಂದ ಬಂದ ಲಾರಿಗಳೆಲ್ಲ ಹಾರ್ನು ಹೊಡೆದವು. ಉಷಾರಾಣಿಯವರು ಅದನ್ನು ಮಂಗಳವಾದ್ಯ ಎಂದು ತಿಳಿದು ಪ್ರತಿ ಲಾರಿಗೂ ಕೈ ಮುಗಿದರು.

ಹೋಟೆಲಿನಲ್ಲಿ ಸಾಮಾನು ಸಾಗಿಸಲು ಹಿತ್ತಾಳೆ ಕಮಾನಿನ ತಳ್ಳುಗಾಡಿ ಇಟ್ಟಿದ್ದರು. ಅದನ್ನು ಕಂಡ ಕೂಡಲೇ ಉಷಾರಾಣಿಯವರಿಗೆ ಆ ಹೋಟೆಲಿನ ಮೇಲೆ ಗೌರವ ಬಂತು. "ನೋಡಿದ್ಯಾ, ಮಂಟಪನೇ ಕಳಿಸಿದಾರೆ," ಎಂದರು. ಕಮಾನಿಗೆ ಎರಡು ಸೇವಂತಿಗೆ ಸಿಕ್ಕಿಸಿ, ದೇವಿಯನ್ನು ಲಿಫ್ಟಿನಲ್ಲಿ ಮೇಲೆ ಕರೆದೊಯ್ದರು. ಕೌಂಟರಿನ ಹುಡುಗಿ ಸಾಕುಪ್ರಾಣಿಗಳಿಗೆ ಬೇರೆ ಬಾಡಿಗೆ ಎಂದು ಹೇಳಲು ಬಾಯಿ ತೆರೆದವಳು, ಇದು ಆ ಪಟ್ಟಿಗೆ ಸೇರುವುದಿಲ್ಲ ಎಂದು ಮುಚ್ಚಿಕೊಂಡಳು.

ಬೆಳಿಗ್ಗೆ ಎಣ್ಣೆ ಕಂಪನಿಗಳ ಬಡಾವಣೆ ಎನರ್ಜಿ ಕಾರಿಡಾರ್ ದಾಟಿ ಮೈದಾನ ಸೇರಿದಾಗ ಬಿಸಿಲು ಇನ್ನೂ ಎಳೆಯದು. ಉಷಾರಾಣಿಯವರು ವ್ಯಾನಿನಲ್ಲೇ ಕರ್ಪೂರದ ತಟ್ಟೆ ಸಜ್ಜು ಮಾಡಿ, ಡಬ್ಬಿಯಲ್ಲಿ ತಂದಿದ್ದ ಸಜ್ಜಿಗೆ ನೈವೇದ್ಯಕ್ಕಿಟ್ಟು, ಕೈ ಚಾಚಿದರು.

"ಕಾಯಿ ಕೊಡು."

ಉಲ್ಲಾಸ್ ಐಸ್ ಪೆಟ್ಟಿಗೆ ತೆಗೆದ. ನೋಡಿದ. ಮುಚ್ಚಿದ. ಮತ್ತೆ ತೆಗೆದ. ಹುಡುಗರು ಕುಡಿಯುವ ನೀಲಿ ಬಾಟಲಿಗಳಿಗೆ ಜಾಗ ಸಾಲದೆಂದು ತಾನೇ ತೆಂಗಿನಕಾಯಿಯನ್ನು ಹೊರಗೆ ತೆಗೆದು ಅಡುಗೆಮನೆ ಕಟ್ಟೆಯ ಮೇಲಿಟ್ಟದ್ದು ಕಣ್ಣಿಗೆ ಕಟ್ಟಿದಂತೆ ನೆನಪಾಯಿತು.

"ಅಮ್ಮ, ಕಾಯಿ ಇಲ್ದೆ ಆಗಲ್ವಾ? ನಿಂಬೆಹಣ್ಣು ಇದೆ."

"ನಿನ್ನ ಮದುವೇಲಿ ಹೆಣ್ಣಿನ ಬದ್ಲು ನಿಂಬೆಹಣ್ಣು ಕೂರಿಸಿದ್ರೆ ಆಗ್ತಿತ್ತಾ?"

"ಆಗ್ತಿತ್ತು ಅತ್ತೆ," ಎಂದಳು ಅಪೇಕ್ಷಾ ಮುಂದಿನ ಸೀಟಿನಿಂದ. "ಕಾಯಿ ಮರ್ತು ಬಂದೋರಿಗೆ ಅದೇ ಹೆಚ್ಚು." ಹಾಗೆಂದು ಫೋನಿನಲ್ಲಿ ಇಂಡಿಯನ್ ಸ್ಟೋರುಗಳನ್ನು ಹುಡುಕಿದಳು. ಯಾವುದೂ ಹತ್ತು ಗಂಟೆಗೆ ಮೊದಲು ಬಾಗಿಲು ತೆಗೆಯುವುದಿಲ್ಲ.

ಅಷ್ಟರಲ್ಲಿ ಕೋಚ್ ವೇಡ್ ಬರುತ್ತಿರುವುದು ಕಂಡಿತು. ಉಲ್ಲಾಸ್ ವ್ಯಾನಿನಿಂದ ಹಾರಿ, ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತ.

"ಬ್ಯಾಗೆಲ್ಲಿ? ಹುಡುಗರು ಬ್ಯಾಟಿಂಗ್ ಶುರು ಮಾಡಬೇಕು."

ಇಂಥ ಹೊತ್ತಿನಲ್ಲಿ ನಿಜ ಹೇಳುವುದು ಒಂದು ದಾರಿ. ಉಲ್ಲಾಸ್ ಇನ್ನೊಂದು ದಾರಿ ಹಿಡಿದ. "ಒಳಗಿದೆ ಕೋಚ್. ಜಿಪ್ಪು ಸಿಕ್ಕಿಹಾಕಿಕೊಂಡಿದೆ. ಈಗ ತೆಗೀತೀನಿ."

ಕೋಚ್ ವೇಡ್ ಹೊಟ್ಟೆಪಾಡಿಗೆ ಮನೆಗಳ ಛಾವಣಿ ರಿಪೇರಿ ಮಾಡುವವನು. ಅವನ ಟ್ರಕ್ಕಿನಲ್ಲಿ ಇಲ್ಲದ ಹತಾರವಿಲ್ಲ. ಸುಳ್ಳು ಹೇಳುವವರು ಕೇಳುವವನ ಕಸುಬು ಯಾವುದೆಂದು ಮೊದಲು ನೆನಪಿಸಿಕೊಳ್ಳಬೇಕು. ಕೋಚ್ ಹೋಗಿ ಇಕ್ಕಳ, ಸ್ಕ್ರೂಡ್ರೈವರು, ಜಿಪ್ಪಿಗೆ ಹಚ್ಚಲು ಎಣ್ಣೆ ಎಲ್ಲ ತಂದ. ಉಲ್ಲಾಸನನ್ನು ಹೆಗಲು ಹಿಡಿದು ಪಕ್ಕಕ್ಕೆ ಸರಿಸಿ ಬಾಗಿಲು ಜಾರಿಸಿದ.

ಒಳಗೆ ಊದುಬತ್ತಿಯ ಹೊಗೆ. ಹೂವು ಮುಡಿದ ಹೆಲ್ಮೆಟ್ಟುಗಳು. ಹಾರ ಹಾಕಿಕೊಂಡ ಎದೆಗವಚ. ನಡುವೆ ಸಿಂಹದ ಮೇಲೆ ಕೂತು ಹತ್ತಾರು ಕೈಗಳಲ್ಲಿ ಆಯುಧ ಹಿಡಿದ ತಾಯಿ. ಪಕ್ಕದಲ್ಲಿ ಬರಿಗೈಯಲ್ಲಿದ್ದರೂ ಅವಳಿಗಿಂತ ಖಡಕ್ಕಾಗಿ ಕೂತಿದ್ದ ಇನ್ನೊಬ್ಬ ತಾಯಿ. ಜಿಪ್ಪು ಪೂರ್ತಿ ತೆರೆದ ಖಾಲಿ ಬ್ಯಾಗು ಕಾಲ ಬಳಿ ಬಿದ್ದಿತ್ತು.

ಉಲ್ಲಾಸ್ ನೆಲ ನೋಡಿದ. ಕೊನೆಗೆ ಇಶಾನ್ ತಂಡದ ಹುಡುಗರ ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಸಿದ: ಬ್ಯಾಟುಗಳು ಈಗ ರೆಸ್ಟ್ ಮಾಡ್ತಿವೆ, ಅಜ್ಜಿ ಹೇಳೋವರೆಗೂ ಮುಟ್ಟಬಾರದು, ಮುಟ್ಟಿದರೆ ಒಬ್ಬ ಟೈಲರಿಗೆ ಹೀಗೀಗಾಯಿತು, ಈಗ ಅಜ್ಜಿಗೆ ಒಂದು ತೆಂಗಿನಕಾಯಿ ಬೇಕು, ಅಪ್ಪ ಅದನ್ನು ಮನೆಯಲ್ಲಿ ಬಿಟ್ಟುಬಂದಿದಾನೆ.

ಬೇಸ್‌ಬಾಲಿನವರ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ಅವರಷ್ಟು ಶಕುನ ನೋಡುವ ಜನ ಜಗತ್ತಿನಲ್ಲಿ ಇನ್ನೊಬ್ಬರಿಲ್ಲ. ಮೈದಾನದ ಬಿಳಿ ಗೆರೆ ತುಳಿಯುವುದಿಲ್ಲ. ಗೆಲ್ಲುತ್ತಿರುವಾಗ ಕಾಲುಚೀಲ ಬದಲಾಯಿಸುವುದಿಲ್ಲ. ಕೋಚ್ ವೇಡನ ಟೋಪಿ ಬೇಸಿಗೆಯಿಂದ ನೀರು ಕಂಡಿರಲಿಲ್ಲ; ತಂಡ ಗೆಲ್ಲಲು ಶುರುಮಾಡಿದ ದಿನದಿಂದ ಒಗೆದಿಲ್ಲ. ಅದನ್ನು ತೆಗೆದು ಬೆಂಚಿನ ಮೇಲಿಟ್ಟರೆ ಒಂದಿಷ್ಟು ದೂರ ತಾನೇ ನಡೆದು ಹೋಗುತ್ತಿತ್ತು ಎಂದು ಹುಡುಗರು ಆಣೆ ಮಾಡುತ್ತಾರೆ.

ಆ ಟೋಪಿಯನ್ನು ಕೋಚ್ ಈಗ ನಿಧಾನವಾಗಿ ತೆಗೆದ. ಹಿಂದಕ್ಕೆ ತಿರುಗಿ, ಅಲ್ಲಿ ಸೇರಿದ್ದ ಹುಡುಗರಿಗೂ ಅಪ್ಪಂದಿರಿಗೂ ಹೇಳಿದ: "ಈ ಅಮ್ಮ ಹೇಳೋ ತನಕ ಯಾರೂ ಒಂದು ಬ್ಯಾಟನ್ನೂ ಮುಟ್ಟಕೂಡದು. ಇವರಿಗೆ ತೆಂಗಿನಕಾಯಿ ಬೇಕು. ಹೋಗಿ."

ಹ್ಯೂಸ್ಟನ್ನಿನ ಪಶ್ಚಿಮ ಭಾಗ ಅಂದು ಕಂಡ ಓಡಾಟ ಬಿರುಗಾಳಿ ಬಂದಾಗಲೂ ಕಂಡಿರಲಿಕ್ಕಿಲ್ಲ. ಅಪ್ಪಂದಿರು ದಿಕ್ಕಿಗೊಬ್ಬರಂತೆ ಟ್ರಕ್ಕು ಓಡಿಸಿದರು. ಒಬ್ಬ ತೆಂಗಿನ ತುರಿಯ ಪ್ಯಾಕೆಟ್ಟು ತಂದ. ಇನ್ನೊಬ್ಬ ಎಳನೀರಿನ ಡಬ್ಬ ತಂದ. ಮತ್ತೊಬ್ಬ ತೆಂಗಿನ ವಾಸನೆಯ ಸನ್‌ಸ್ಕ್ರೀನ್ ತಂದು, ಇದನ್ನು ಹಚ್ಚಿದರೆ ನಡೆಯುತ್ತದಾ ಎಂದು ಕೇಳಿದ. ಕೆಂಪು ಗಡ್ಡದವನೊಬ್ಬ ಮಾತ್ರ ಗೆದ್ದವನ ಮುಖ ಮಾಡಿಕೊಂಡು ಒಂದು ಅನಾನಸು ಹಿಡಿದು ಬಂದ. ಉಷಾರಾಣಿಯವರು ಪ್ರತಿಯೊಂದನ್ನೂ ನೋಡಿ, ತಲೆಯಾಡಿಸಿ, ತಂದವರಿಗೆಲ್ಲ ಒಂದೊಂದು ಹೂವು ಕೊಟ್ಟರು. ಅವರು ಅದನ್ನು ಟೋಪಿಗೆ ಸಿಕ್ಕಿಸಿಕೊಂಡರು.

ಒಂಬತ್ತು ಸಮೀಪಿಸಿತು. ಅಂಪೈರು ಗಡಿಯಾರ ನೋಡಿಕೊಳ್ಳುತ್ತ ನಿಂತ. ಉಲ್ಲಾಸ್ ಎದುರು ತಂಡದವರನ್ನೇ ಒಂದಿಷ್ಟು ಸಮಯ ಕೇಳಿಕೊಳ್ಳೋಣ ಎಂದು ಅತ್ತ ನಡೆದ. ಅವರು ಡಲ್ಲಾಸಿನ ಉತ್ತರಕ್ಕಿರುವ ಪ್ರಾಸ್ಪರ್ ಎಂಬ ಊರಿನಿಂದ ಬಂದವರು. ಅವರ ಟೆಂಟಿನ ಕೆಳಗೆ, ಮೀಸೆಯ ಮನುಷ್ಯನೊಬ್ಬ ಗೂಟ ಹೊಡೆಯುತ್ತಿದ್ದ.

"ನಿಮ್ಮ ವ್ಯಾನಿನ ಕಡಿಂದ ಊದಿನಕಡ್ಡಿ ವಾಸನಿ ಬರಾಕತ್ತೈತ್ರಿ," ಎಂದ ಆತ ತಲೆಯೆತ್ತಿ, ಅಪ್ಪಟ ಹುಬ್ಬಳ್ಳಿಯ ಕನ್ನಡದಲ್ಲಿ. "ಖಂಡೇನವಮಿ ಪೂಜಿ ಇನ್ನೂ ನಡದೈತೇನ್ರಿ?"

ಉಲ್ಲಾಸನಿಗೆ ಅಳು ಬರುವಷ್ಟು ಸಂತೋಷವಾಯಿತು. ಆತನ ಹೆಸರು ಶ್ರೀಶೈಲ್. ಕಥೆಯೆಲ್ಲ ಕೇಳಿ ಮೀಸೆ ತಿರುವಿದ.

"ಕಾಯಿ ನನ್ನ ಟ್ರಕ್ಕಿನ್ಯಾಗ ಐತ್ರಿ. ಹೊಸಾ ಟ್ರಕ್ಕು, ಇವತ್ತ ಒಡೀಬೇಕಂತ ತಂದೇನಿ. ಆದ್ರ ಹಂಗ ಕೊಡಾಂಗಿಲ್ರಿ ಸರ. ಅಮ್ಮಾರು ನಮ್ಮ ಹುಡುಗರ ಬ್ಯಾಟಿಗೂ ಕುಂಕುಮ ಹಚ್ಚಬೇಕು, ಕಾಯಿ ಅರ್ಧ ನಮಗ."

"ನೀವು ನಮ್ಮ ಎದುರಾಳಿಗಳಲ್ವಾ?"

"ಅದಕ್ಕ ಕೇಳಾಕತ್ತೇನ್ರಿ. ನೀವಷ್ಟ ಪೂಜಿ ಮಾಡಿಸಿಕೊಂಡ್ರ ನಮ್ಮ ಗತಿ ಏನು?"

ಉಷಾರಾಣಿಯವರು ಒಪ್ಪಿದರು. ತಾಯಿಗೆ ಯಾವ ಟೀಮು ಎಂದರು. ಒಪ್ಪದವರು ಕೋಚುಗಳು. ತೆಂಗಿನಕಾಯಿಯ ಒಂದು ಹೋಳಿನಲ್ಲಿ ಮೂರು ಕಣ್ಣಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ ಎಂದು ಇಶಾನ್ ಬಾಯಿ ಬಿಟ್ಟದ್ದೇ ತಪ್ಪಾಯಿತು. ಇಬ್ಬರು ಆಜಾನುಬಾಹು ಟೆಕ್ಸನ್ನರು ಪಾರ್ಕಿಂಗ್ ಲಾಟಿನಲ್ಲಿ ಎದುರುಬದುರು ನಿಂತು, ಕಣ್ಣಿರುವ ಹೋಳು ಯಾರಿಗೆ ಸೇರಬೇಕು ಎಂದು ವಾದಕ್ಕೆ ಬಿದ್ದರು. ಆತಿಥೇಯರು ಯಾರು, ಮೊದಲು ಬ್ಯಾಟು ಮಾಡುವವರು ಯಾರು, ಕಾಯಿ ಯಾರ ಟ್ರಕ್ಕಿನದು ಎಂದು ನಾಣ್ಯ ಹಾರಿಸುವವರೆಗೂ ಹೋಯಿತು. ಅಂಪೈರು ನಿಯಮದ ಪುಸ್ತಕ ತೆಗೆದು ತೆಂಗಿನಕಾಯಿ ಎಂಬ ಅಧ್ಯಾಯ ಹುಡುಕಿದ.

"ಏನಂತಾರೆ ಇವ್ರಿಬ್ರೂ?" ಎಂದು ಉಷಾರಾಣಿ ಕೇಳಿದರು.

"ಕಣ್ಣಿರೋ ಭಾಗ ಬೇಕಂತೆ ಇಬ್ಬರಿಗೂ," ಎಂದ ಉಲ್ಲಾಸ್.

"ಕಾಯಿ ತಂದೋರ್ಗೆ ಕಣ್ಣಿನ ಭಾಗ. ಮರ್ತೋರ್ಗೆ ಉಳಿದದ್ದು. ಹೇಳು ಅವ್ರಿಗೆ."

ಉಲ್ಲಾಸ್ ಹೇಳಿದ. ಅನುವಾದ ಮಾಡುವಾಗ ಮರೆತವರು ಎಂಬ ಮಾತನ್ನು ನುಂಗಿದ. ಇಶಾನ್ ಅದನ್ನು ಮತ್ತೆ ಸೇರಿಸಿದ.

ಕೋಚ್ ವೇಡ್ ಗೌರವಕ್ಕೆ ಎಂದು ಉಷಾರಾಣಿಯವರನ್ನು ಮೈದಾನದೊಳಗೆ ಕರೆದೊಯ್ದು, ಬ್ಯಾಟು ಮಾಡುವ ಜಾಗದ ಬಿಳಿ ಹಲಗೆಯ ಮೇಲೇ ಕಾಯಿ ಒಡೆಯಬೇಕೆಂದ. ಉಷಾರಾಣಿಯವರು ದೇವಿಯನ್ನು ನೆನೆದು ಬಲವಾಗಿ ಹೊಡೆದರು. ಆ ಹಲಗೆ ರಬ್ಬರಿನದು. ಕಾಯಿ ಚೆಂಡಿನಂತೆ ಮೇಲಕ್ಕೆ ಪುಟಿಯಿತು. ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಇಶಾನ್ ಅದನ್ನು ಗಾಳಿಯಲ್ಲೇ ಹಿಡಿದ. ಎರಡು ತಂಡದವರೂ ಚಪ್ಪಾಳೆ ತಟ್ಟಿದರು. ಇಡೀ ದಿನದ ಅತ್ಯುತ್ತಮ ಕ್ಯಾಚು ಅದೇ. ಕೊನೆಗೆ ಪಾರ್ಕಿಂಗ್ ಲಾಟಿನ ಸಿಮೆಂಟು ಅಂಚಿಗೆ ಹೊಡೆದು ಒಡೆದರು. ಮಂಗಳಾರತಿ ಆಯಿತು. ಪೂಜೆಯ ಹಲಗೆಯನ್ನು ಎರಡೂ ಕೈಯಿಂದ ಮೆಲ್ಲಗೆ ಅಲುಗಿಸಿ, "ಕದಲಿಸಿದೀನಿ. ಈಗ ತಗೊಳ್ಳಿ," ಎಂದರು. ಹುಡುಗರು ಸಾಲಾಗಿ ಬಂದು ಬಲಗೈ ಚಾಚಿ ಸಜ್ಜಿಗೆ ತಿಂದು, ಬ್ಯಾಟು ಪಡೆದು, ಏಕೋ ಏನೋ ಎಲ್ಲರೂ ಬಗ್ಗಿ ನಮಸ್ಕಾರ ಮಾಡಿ ಹೋದರು.

ಆಟ ತಡವಾಗಿ ಶುರುವಾಯಿತು, ಆದರೆ ಶುರುವಾಯಿತು. ಹಾರ್ನೆಟ್ಸ್ ಒಂದು ರನ್ನಿನಿಂದ ಸೋತರು. ಕಣ್ಣಿನ ಹೋಳು ಅಲ್ಲಿಗೆ ಹೋದ ಮೇಲೆ ಇನ್ನೇನಾಗುತ್ತದೆ ಎಂದು ಅಪ್ಪಂದಿರು ಮಾತಾಡಿಕೊಂಡರು. ಹುಡುಗರನ್ನು ಯಾರೂ ಬೈಯಲಿಲ್ಲ. ಹಾಗಾದದ್ದು ಆ ತಂಡದಲ್ಲಿ ಅದೇ ಮೊದಲು.

ಎಲ್ಲ ಮಡಚಿ ತುಂಬುವಾಗ ಕೋಚ್ ವೇಡ್ ವ್ಯಾನಿನ ಹತ್ತಿರ ಬಂದ. ಉಲ್ಲಾಸ್ ಬ್ಯಾಗಿನ ಹಿಡಿಕೆ ಹಿಡಿದು ನಿಂತಿದ್ದ.

"ಜಿಪ್ಪು ಈಗ ಹೇಗಿದೆ?" ಎಂದ ಕೋಚ್.

"ಚೆನ್ನಾಗಿದೆ," ಎಂದ ಉಲ್ಲಾಸ್, ಬಹಳ ಸಣ್ಣ ದನಿಯಲ್ಲಿ.

"ಬ್ಯಾಗು ಹೊತ್ತಿಗೆ ಸರಿಯಾಗಿ ತಂದೆ ನೀನು. ಅದನ್ನ ಒಪ್ಪುತ್ತೀನಿ. ಆದರೆ ಬ್ಯಾಟಿಗೆ ಅಷ್ಟು ದೊಡ್ಡ ಮರ್ಯಾದೆ ಸಿಕ್ಕಿರೋವಾಗ ನನಗೆ ಜಿಪ್ಪಿನ ಕಥೆ ಹೇಳಿದೆ. ನೀನು ಅದನ್ನ ನಾಚಿಕೆಗೇಡು ಅಂದುಕೊಂಡೆ." ಕೋಚ್ ಬ್ಯಾಗಿನ ಹಿಡಿಕೆಯನ್ನು ಉಲ್ಲಾಸನ ಕೈಯಿಂದ ಬಿಡಿಸಿದ. ವ್ಯಾನಿನ ಬಾಗಿಲಿಗೆ ಎಳೆದು ತಂದು, ಉಷಾರಾಣಿಯವರ ಕೈಗೆ ಇಟ್ಟ. "ಇನ್ನು ಮೇಲೆ ಬ್ಯಾಗು ಇವರದ್ದು."

ಇಶಾನ್ ಕಿಸಕ್ಕನೆ ನಕ್ಕು ಅಜ್ಜಿಗೆ ಅರ್ಥ ಹೇಳಿದ. ಅಂದು ಅವನು ಮರೆತು ಕನ್ನಡದಲ್ಲೇ ಹೇಳಿದ: "ಅಜ್ಜಿ, ಬ್ಯಾಗ್ ನಿಂದು. ಅಪ್ಪಂದಲ್ಲ."

ಉಷಾರಾಣಿಯವರು ಬ್ಯಾಗಿನ ಸುತ್ತ ಒಮ್ಮೆ ಕಣ್ಣಾಡಿಸಿದರು. "ಒಳಗೆಲ್ಲ ಬೆವರು ವಾಸನೆ. ಒಂದು ಸಲ ಬಿಸಿಲಿಗೆ ಹಾಕ್ಬೇಕು," ಎಂದರು. ಒಪ್ಪಿಕೊಂಡಂತಾಯಿತು.

ಸೀಡರ್ ಪಾರ್ಕಿಗೆ ಹಿಂದಿರುಗುವಾಗ ಉಲ್ಲಾಸ್ ಮುಖ ಊದಿಸಿಕೊಂಡು ಕೂತ. "ಯಾಕೋ, ಹೊಟ್ಟೆಕಿಚ್ಚಾ?" ಎಂದು ಅಮ್ಮ ಕೇಳಿದರು. "ಇಲ್ಲ," ಎಂದ. "ಮೂತಿ ನೋಡಿದ್ರೆ ಗೊತ್ತಾಗುತ್ತೆ," ಎಂದಳು ಅಪೇಕ್ಷಾ. ಸ್ವಲ್ಪ ದೂರ ಹೋದ ಮೇಲೆ ಅವನಿಗೇ ನಗು ಬಂತು. ಕೆಲಸ ಕಳೆದುಕೊಂಡವರು ಬಹಳ ಜನ ಇದ್ದಾರೆ. ಅದನ್ನು ಪ್ರವಾಸಿ ವೀಸಾದಲ್ಲಿ ಬಂದ ಅಮ್ಮನಿಗೆ ಕಳೆದುಕೊಂಡವನು ಟೆಕ್ಸಸಿನಲ್ಲಿ ತಾನೊಬ್ಬನೇ ಇರಬೇಕು ಎನ್ನಿಸಿತು.

ಮುಂದಿನ ಅಭ್ಯಾಸಕ್ಕೆ ಉಷಾರಾಣಿಯವರು ಮಡಚುವ ಕುರ್ಚಿಯಲ್ಲಿ, ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು, ಬ್ಯಾಗನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಿದ್ದರು. ಯಾವ ಬ್ಯಾಟು ಯಾರದೆಂದು ಅವರಿಗೆ ಆಗಲೇ ಬಾಯಿಪಾಠ. ಹುಡುಗರು ನಲ್ಲಿಯಲ್ಲಿ ಕೈ ತೊಳೆದು, ಎರಡೂ ಅಂಗೈ ತೋರಿಸಿ, ತಮ್ಮ ತಮ್ಮ ಹೆಲ್ಮೆಟ್ಟು ಪಡೆಯುತ್ತಿದ್ದರು. ಕೆಂಪು ಗಡ್ಡದ ಅಪ್ಪ ಅವರಿಗೆ ಬಿಸಿ ಕಾಫಿ ತಂದುಕೊಟ್ಟು, ಸಕ್ಕರೆ ಸಾಕಾ ಎಂದು ಸನ್ನೆಯಲ್ಲಿ ವಿಚಾರಿಸುತ್ತಿದ್ದ. ಉಲ್ಲಾಸ್ ಟೆಂಟು ಕಟ್ಟಿದ, ಈ ಸಲ ಒಂದು ಗೂಟ ಹೆಚ್ಚಾಗಿಯೇ ಹೊಡೆದ. ಆಮೇಲೆ ಇಶಾನನಿಗೆ ಎಸೆದು ಅಭ್ಯಾಸ ಮಾಡಿಸೋಣವೆಂದು ಬಂದು ಬ್ಯಾಗಿಗೆ ಕೈ ಹಾಕಲು ಹೋದ.

"ಅಮ್ಮ, ಒಂದು ಬಾಲ್ ತಗೋತೀನಿ."

ಉಷಾರಾಣಿಯವರು ಅವನ ಕೈ ನೋಡಿದರು, ಕಾಲು ನೋಡಿದರು.

"ಶೂ ಬಿಟ್ಟು ಬಾ," ಎಂದರು.

ಹುಡುಗರೆಲ್ಲ ಶೂ ಹಾಕಿಕೊಂಡೇ ಇದ್ದಾರಲ್ಲ ಎಂದು ಉಲ್ಲಾಸ್ ಕೇಳಿದ. ಅವರೆಲ್ಲ ಆಡೋರು, ನೀನು ಗೂಟ ಹೊಡೆದು ಮಣ್ಣು ತುಳಿದು ಬಂದಿದೀಯ ಎಂದರು ಅಮ್ಮ. ಕೋಚ್ ವೇಡ್ ದೂರದಿಂದ ನೋಡುತ್ತಿದ್ದ. ಉಲ್ಲಾಸ್ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಲೇಸು ಬಿಚ್ಚತೊಡಗಿದ.